ದಕ್ಷಿಣ ಅಮೆರಿಕದ ಅಪರೂಪದ ಸ್ವಾಲೋಟೇಲ್ ಚಿಟ್ಟೆಗಳನ್ನು ಗುರುತಿಸುವುದು ಹೇಗೆ? ಕೊಂಡು ಸಂಗ್ರಹಿಸಬಹುದಾ?

ಆನ್‌ಲೈನ್‌ನಲ್ಲಿ ಬ್ರೆಜಿಲ್‌ನ 'ಪಾರೈಡಿಸ್ ಅಸ್ಕೇನಿಯಸ್' ಚಿಟ್ಟೆ ಮಾರಾಟಕ್ಕಿರುವುದನ್ನು ನೋಡಿ, ಅದು ಅಸಲಿಯಾ ಅಂತ ತಿಳಿಯುವುದು ಹೇಗೆ, ಇಂಥವನ್ನು ಕೂಡಿಡಬಹುದಾ ಎಂದು ಕೇಳಿದ್ದೀರಿ. ಚಿಟ್ಟೆಗಳ ಫೋಟೊ ನೋಡಿ ಜಾತಿ ಗುರುತಿಸುವುದು ನನ್ನ ಬಹುಕಾಲದ ಹವ್ಯಾಸ. ಹಾಗಾಗಿ ಗುರುತಿಸುವ ವಿಷಯದಿಂದಲೇ ಶುರು ಮಾಡುತ್ತೇನೆ.

ಈ ಅಸ್ಕೇನಿಯಸ್ ಸ್ವಾಲೋಟೇಲ್ ಕುಟುಂಬದ್ದು, ಅಂದರೆ ಹಿಂದಿನ ರೆಕ್ಕೆಯಲ್ಲಿ ಹೆಚ್ಚಾಗಿ ಬಾಲದಂಥ ತುದಿ ಇರುವ ಚಿಟ್ಟೆಗಳ ಗುಂಪು. ಅಲ್ಲಿನ ಸ್ವಾಲೋಟೇಲ್‌ಗಳಲ್ಲಿ ರೆಕ್ಕೆಯ ಬಣ್ಣವೊಂದನ್ನೇ ನಂಬಬೇಡಿ. ಅಸ್ಕೇನಿಯಸ್ ಇರುವುದು ಮುಖ್ಯವಾಗಿ ರಿಯೊ ಡಿ ಜನೈರೊ ರಾಜ್ಯದ ಕರಾವಳಿಯಲ್ಲಿ, ಮರಳುದಿಬ್ಬಗಳ ಹಿಂದಿನ ಜೌಗು ಪೊದೆಗಾಡಿನಲ್ಲಿ. ಕಪ್ಪು ರೆಕ್ಕೆ, ಅದಕ್ಕೆ ಅಡ್ಡಲಾಗಿ ಅಗಲವಾದ ಬಿಳಿ ಪಟ್ಟೆ. ಹಿಂದಿನ ರೆಕ್ಕೆಗೆ ಬಂದಾಗ ಪಟ್ಟೆಗೆ ಗುಲಾಬಿ ಕೆಂಪು ಬೆರೆಯುತ್ತದೆ. ಅದೇ ಕರಾವಳಿಯಲ್ಲಿ 'ಮಿಮಾಯ್ಡಿಸ್ ಲೈಸಿಥಸ್' ಚಿಟ್ಟೆಯ 'ಹ್ಯಾರಿಸಿಯಾನಸ್' ಎಂಬ ಉಪಜಾತಿಯೂ ಇದೆ. ಹಾರುವಾಗ ನೋಡಿದರೆ ಎರಡೂ ಒಂದೇ! ಆದರೆ ಇವು ಹತ್ತಿರದ ನೆಂಟರಲ್ಲ. ಅಸ್ಕೇನಿಯಸ್‌ನ ಕಂಬಳಿಹುಳು ತಿನ್ನುವುದು ನಮ್ಮ ಈಶ್ವರಿ ಬಳ್ಳಿಯ ಜಾತಿಯ ಬಳ್ಳಿಯನ್ನು. ಅದರ ವಿಷ ಚಿಟ್ಟೆಯ ಮೈಯಲ್ಲೂ ಉಳಿಯುತ್ತದೆ, ಹಕ್ಕಿಗಳು ದೂರ ಇರುತ್ತವೆ. ಲೈಸಿಥಸ್‌ನ ಹುಳು ಬೆಳೆಯುವುದು ಸೀತಾಫಲದ ಕುಟುಂಬದ ಗಿಡಗಳಲ್ಲಿ. ಅದಕ್ಕೆ ಆ ವಿಷ ಇಲ್ಲ, ವೇಷವೇ ಕಾವಲು. ನಮ್ಮಲ್ಲಿ ಕಾಮನ್ ಮಾರ್ಮನ್ ಚಿಟ್ಟೆಯ ಕೆಲವು ಹೆಣ್ಣುಗಳು ವಿಷವಿರುವ ಕ್ರಿಮ್ಸನ್ ರೋಸ್‌ನ ವೇಷ ಹಾಕುತ್ತವಲ್ಲ, ಹಾಗೇ. 1848ರಿಂದ 1859ರವರೆಗೆ ಅಮೆಜಾನ್‌ನಲ್ಲಿ ಸುತ್ತಿದ ಇಂಗ್ಲಿಷ್ ನಿಸರ್ಗತಜ್ಞ ಹೆನ್ರಿ ಬೇಟ್ಸ್ ಇಂಥ ವೇಷವನ್ನು 1862ರಲ್ಲಿ ವಿವರಿಸಿದ್ದು ಅಲ್ಲಿನ ಚಿಟ್ಟೆಗಳನ್ನು ನೋಡಿಯೇ.

ಆದ್ದರಿಂದ ಮೇಲ್ಭಾಗದ ಫೋಟೊ ಮಾತ್ರ ಇದ್ದರೆ ನಾನು ಹೆಸರು ಹೇಳಲು ಹೋಗುವುದಿಲ್ಲ. ಅಡಿಭಾಗ ಬೇಕು. ಮಿಮಾಯ್ಡಿಸ್ ಗುಂಪಿನಲ್ಲಿ ಸಾಮಾನ್ಯವಾಗಿ ರೆಕ್ಕೆಯ ಬುಡದಲ್ಲೇ ಕೆಂಪು ಚುಕ್ಕೆಗಳಿರುತ್ತವೆ. ಅಸ್ಕೇನಿಯಸ್ ಸೇರಿರುವ ಪಾರೈಡಿಸ್ ಗುಂಪಿನಲ್ಲಿ ಆ ಕೆಂಪು ಎದೆಯ ಪಕ್ಕದ ಕೂದಲಿನಲ್ಲಿರುತ್ತದೆ.

ಪಾರೈಡಿಸ್ ಜಾತಿಗಳನ್ನು ಒಂದರಿಂದ ಒಂದು ಬೇರೆ ಮಾಡಲು ನನಗೆ ತುಂಬ ಇಷ್ಟದ ಗುರುತು ಇನ್ನೊಂದಿದೆ. ಗಂಡಿನ ಹಿಂದಿನ ರೆಕ್ಕೆಯ ಒಳ ಅಂಚು, ಅಂದರೆ ಹೊಟ್ಟೆಗೆ ತಾಗುವ ಕಡೆ, ಮಡಚಿಕೊಂಡಿರುತ್ತದೆ. ಮೆಲ್ಲಗೆ ಬಿಡಿಸಿದರೆ ಒಳಗೆ ಹಿಂಜಿದ ಹತ್ತಿಯ ಹಾಗೆ ಒತ್ತಾದ ಕೂದಲು. ಹೆಣ್ಣನ್ನು ಒಲಿಸುವ ವಾಸನೆ ಹೊಮ್ಮುವುದು ಅಲ್ಲಿಂದ. ಆ ಕೂದಲಿನ ಬಣ್ಣ, ಅದು ಎಷ್ಟು ಜಾಗ ಹಿಡಿದಿದೆ ಎಂಬುದು ಜಾತಿಯಿಂದ ಜಾತಿಗೆ ಬೇರೆ. ಹೆಣ್ಣುಗಳಲ್ಲಿ ಈ ಅನುಕೂಲ ಇಲ್ಲ, ಎಷ್ಟೋ ಸಲ ಸಿಕ್ಕಿದ ಊರು ಗೊತ್ತಿಲ್ಲದೆ ಹೆಸರಿಡುವುದೇ ಕಷ್ಟ. ಬಿಳಿ ರೆಕ್ಕೆಗೆ ಕಪ್ಪು ಗೆರೆಗಳಿರುವ, ಪ್ರೊಟೆಸಿಲಾಸ್ ಎಂಬ ಇನ್ನೊಂದು ಗುಂಪಿನ ಸ್ವಾಲೋಟೇಲ್‌ಗಳಂತೂ ಇನ್ನೂ ಜಟಿಲ. ಅವುಗಳಲ್ಲಿ ಕೆಲವನ್ನು ಜನನಾಂಗ ಪರೀಕ್ಷೆ ಮಾಡಿಯೇ ತೀರ್ಮಾನಿಸಬೇಕು.

ಇದೇ ಕಾರಣಕ್ಕೆ ಎಲ್ಲಿ, ಯಾವಾಗ ಸಿಕ್ಕಿತು ಎಂಬ ಚೀಟಿ ಇಲ್ಲದ ಚಿಟ್ಟೆ ಎಷ್ಟೇ ಚೆಂದ ಇದ್ದರೂ ಅಧ್ಯಯನಕ್ಕೆ ಹೆಚ್ಚು ಉಪಯೋಗವಿಲ್ಲ. 'ಬ್ರೆಜಿಲ್' ಅಂತ ಸುಮ್ನೆ ಬರೆದರೆ ಸಾಲದು.

ಇನ್ನು ಕೊಳ್ಳುವ ವಿಷಯ. ದಯವಿಟ್ಟು ಕೊಳ್ಳಬೇಡಿ. ಬ್ರೆಜಿಲ್‌ನ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿದ ಮೊದಲ ಕೀಟ ಇದೇ ಅಸ್ಕೇನಿಯಸ್, 1973ರಲ್ಲಿ. ಅದರ ಬಂಧು 'ಪಾರೈಡಿಸ್ ಬರ್ಚೆಲಾನಸ್' ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ, ಅಂದರೆ ಕಾಡಿನಿಂದ ಹಿಡಿದದ್ದರ ಅಂತರರಾಷ್ಟ್ರೀಯ ವ್ಯಾಪಾರ ನಿಷಿದ್ಧ. ಬ್ರೆಜಿಲ್‌ನಲ್ಲಿ ಸಂಶೋಧಕರೂ ಅನುಮತಿ ಇಲ್ಲದೆ ಚಿಟ್ಟೆ ಹಿಡಿಯುವಂತಿಲ್ಲ. ಅಸ್ಕೇನಿಯಸ್‌ಗೆ ದೊಡ್ಡ ಪೆಟ್ಟು ಬಿದ್ದಿರುವುದು ಜೌಗನ್ನು ಬತ್ತಿಸಿ ಮನೆ ಕಟ್ಟಿದ್ದರಿಂದ, ಬಲೆಯಿಂದಲ್ಲ ಎನ್ನುವುದು ನಿಜ. ಆದರೆ ಅಲ್ಲೊಂದು ಇಲ್ಲೊಂದು ತುಂಡಾಗಿ ಉಳಿದ ಜಾಗಗಳಲ್ಲಿ ಇರುವುದೇ ಕಡಿಮೆ. ಅಲ್ಲಿಂದ ಹಿಡಿದು ಮಾರುವುದನ್ನು ನಾನಂತೂ ಒಪ್ಪಲಾರೆ.

ಕಲಿಯಲು ಚಿಟ್ಟೆ ಕೈಯಲ್ಲೇ ಇರಬೇಕಿಲ್ಲ. 'ಬಟರ್‌ಫ್ಲೈಸ್ ಆಫ್ ಅಮೆರಿಕ' ತಾಣದಲ್ಲಿ ಮ್ಯೂಸಿಯಂ ಮಾದರಿಗಳ ಮೇಲ್ಭಾಗ, ಅಡಿಭಾಗ ಎರಡರ ಫೋಟೊಗಳೂ ಚೀಟಿ ಸಮೇತ ಸಿಗುತ್ತವೆ. ಜನರು ತಾವು ಕಂಡ ಜೀವಿಗಳ ಫೋಟೊ ಹಾಕುವ ಐನ್ಯಾಚುರಲಿಸ್ಟ್ ತಾಣದಲ್ಲಿ ಜೀವಂತ ಚಿಟ್ಟೆಗಳ ಚಿತ್ರ ಜಾಸ್ತಿ. ಅಸ್ಕೇನಿಯಸ್, ಲೈಸಿಥಸ್ ಎರಡನ್ನೂ ಅಕ್ಕಪಕ್ಕ ತೆರೆದಿಟ್ಟು, ಮೊದಲು ಅಡಿಭಾಗದ ಬುಡವನ್ನು, ಆಮೇಲೆ ಎದೆಯ ಪಕ್ಕವನ್ನು ಹೋಲಿಸಿ ನೋಡಿ.