ದೊಡ್ಡ ಕಾಯಿಲೆ ಬಂದಾಗ ಬೇರೆಯವರ ಒಳ್ಳೆಯತನದಿಂದ ನಿಜಕ್ಕೂ ಸಮಾಧಾನ ಸಿಗುತ್ತದೆಯೇ?

ನೀವು ಚಿತ್ರದುರ್ಗದವರು, ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿ ಎರಡು ವಾರ ಆಯಿತು, ಮುಂದಿನ ವಾರ ಮೊದಲ ಕೀಮೋ, ಮನೆಯವರನ್ನು ಬಿಟ್ಟು ಯಾರಿಗೂ ಹೇಳಿಲ್ಲ ಎಂದು ಬರೆದಿದ್ದೀರಿ. "ಅಯ್ಯೋ ಪಾಪ ಅನ್ನಿಸಿಕೊಳ್ಳೋದು ನನ್ನ ಕೈಲಾಗದು" ಅಂದಿದ್ದೀರಿ. ಓದಿ ಗಂಟಲು ಕಟ್ಟಿತು. 2018ರಲ್ಲಿ ದಾವಣಗೆರೆಯ ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ನಾನೂ ಇದೇ ಮಾತು ಆಡುತ್ತಿದ್ದೆ.

ಸಮಾಧಾನ ಸಿಗುತ್ತದೆ. ಎಲ್ಲರಿಂದಲೂ ಸಿಗುವುದಿಲ್ಲ, ಯಾರಿಂದ ಸಿಗುತ್ತದೆ ಅಂದುಕೊಂಡಿರುತ್ತೇವೋ ಅವರಿಂದ ಸಿಗದೆಯೂ ಹೋಗಬಹುದು.

ನಮ್ಮ ಪಕ್ಕದ ಮನೆ ಅಕ್ಕನ ಅಡುಗೆಮನೆ ಕಿಟಕಿ ನಾನು ಮಲಗುವ ಕೋಣೆಗೆ ಎದುರಾಗಿದೆ. ಮೊದಲ ಕೀಮೋ ಆದ ಮಾರನೇ ದಿನ ಅವರು ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದರು. ವಾಸನೆ ಮೂಗಿಗೆ ಬಡಿದಿದ್ದೇ ತಡ, ಹೊಟ್ಟೆ ತೊಳಸಿ ಬಚ್ಚಲಿಗೆ ಓಡಿದೆ. ಬೇಸಿಗೆ, ಕಿಟಕಿ ಮುಚ್ಚಿದರೆ ಉಸಿರು ಕಟ್ಟುವ ಸೆಕೆ. ಅವರ ಮನೆಯಲ್ಲಿ ಅವರಿಗೇ ಅಡುಗೆ ಮಾಡಬೇಡಿ ಅಂತ ಹೇಳೋದು ಹೇಗೆ? ಸುಮ್ಮನಿದ್ದೆ. ಎರಡನೇ ಕೀಮೋ ಆದಾಗ ವಾಸನೆ ಬರಲಿಲ್ಲ. ಮೂರನೆಯದಕ್ಕೂ ಇಲ್ಲ. ನನ್ನ ಮೂಗೇ ಸತ್ತಿರಬೇಕು ಅಂದುಕೊಂಡೆ. ಆಮೇಲೆ ನನ್ನ ಮಗಳು ಹೇಳಿದಳು: ಅವತ್ತು ನಾನು ವಾಂತಿ ಮಾಡಿಕೊಂಡ ಸದ್ದು ಅವರಿಗೆ ಕೇಳಿಸಿತ್ತಂತೆ. ಅಂದಿನಿಂದ ನನ್ನ ಕೀಮೋ ತಾರೀಖನ್ನು ತಮ್ಮ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು, ಆಮೇಲಿನ ನಾಲ್ಕು ದಿನ ಒಗ್ಗರಣೆಯೇ ಇಲ್ಲದ ಅಡುಗೆ. ಅವರ ಯಜಮಾನರು, ಮಕ್ಕಳು ಎಲ್ಲರೂ ಸಪ್ಪೆ ಬೇಳೆ ಉಂಡರು. ಒಂದು ದಿನವಾದರೂ ಅಕ್ಕ ನನ್ನೆದುರು ಆ ವಿಷಯ ಎತ್ತಿದವರಲ್ಲ. ಇದು ತಿಳಿದ ದಿನ ನಾನು ಅತ್ತಷ್ಟು ಕಾಯಿಲೆ ಗೊತ್ತಾದ ದಿನವೂ ಅತ್ತಿರಲಿಲ್ಲ.

ಅದನ್ನು ಪಾಪ ಅನ್ನುವುದು ಎನ್ನಲಾದೀತೇ? ನನ್ನ ಹೊಟ್ಟೆಯ ಸಂಕಟ ಅವರ ಮನೆಯ ಒಲೆಯವರೆಗೂ ಮುಟ್ಟಿತ್ತು, ಅಷ್ಟೇ.

ನಿಮಗೂ ಮೊದಲಿಗೆ ಕೆಂಪು ಔಷಧ ಇರಬಹುದು, ಡಾಕ್ಸೊರುಬಿಸಿನ್ ಅಂತ. ನನಗೆ 21 ದಿನಕ್ಕೊಮ್ಮೆ ನಾಲ್ಕು ಸಲ ಕೊಟ್ಟರು. ಅದು ನರದಿಂದ ಹೊರಗೆ ಸೋರಿದರೆ ಚರ್ಮವೇ ಸುಟ್ಟಂತಾಗುತ್ತದೆ, ಹಾಗಾಗಿ ಸಿಸ್ಟರ್ ಪಕ್ಕದಲ್ಲೇ ಕೂತು ಸಿರಿಂಜಿನಿಂದ ನಿಧಾನವಾಗಿ ಕೊಟ್ಟರು. ಉರಿ ಅನ್ನಿಸಿದರೆ ತಕ್ಷಣ ಹೇಳಿ, ತಡೆದುಕೊಳ್ಳಬೇಡಿ. ಒಂದೆರಡು ದಿನ ಮೂತ್ರ ಕೆಂಪಾಗುತ್ತದೆ, ಅದು ರಕ್ತವಲ್ಲ, ಔಷಧದ ಬಣ್ಣ. ನನಗೆ ಇದನ್ನು ಮೊದಲೇ ಹೇಳಿದ್ದು ಜಗಳೂರು ಕಡೆಯ ಆ ಸಿಸ್ಟರ್. ನರ ಸಿಗದಿದ್ದಾಗ ಬಿಸಿನೀರಿನ ಬಟ್ಟೆ ತಂದು ನನ್ನ ಕೈಗೆ ಸುತ್ತಿ, ಆ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅದು ಅವರ ಕೆಲಸ ಹೌದು. ಆದರೂ ಆ ಬಿಸುಪು ನನಗಿನ್ನೂ ನೆನಪಿದೆ.

ಆಟೋದ ಅಣ್ಣನೊಬ್ಬರಿದ್ದರು. ಆಗ ಊರಿನ ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟ್ ಇತ್ತು, ಬಿತ್ತೆಂದರೆ ಬೇಗ ಏಳುತ್ತಿರಲಿಲ್ಲ. ವಾಪಸ್ ಬರುವಾಗ ನಾನು ಅಲ್ಲಿ ಸಿಕ್ಕಿಕೊಂಡು ಒದ್ದಾಡಬಾರದು ಅಂತ ಅವರು ರೈಲಿನ ಹೊತ್ತು ನೋಡಿಕೊಂಡೇ ಹೊರಡಿಸುತ್ತಿದ್ದರು.

ಇನ್ನು ಪಕ್ಕದ ಬೆಡ್ಡಿನವರು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದ ಹೆಂಗಸು, ನನಗಿಂತ ಎರಡು ಕೀಮೋ ಮುಂದಿದ್ದರು. ಬಾಯೆಲ್ಲ ಕಬ್ಬಿಣ ನೆಕ್ಕಿದ ರುಚಿ ಅಂದಾಗ ಮುಂದಿನ ಸಲ ಬಿಸಿ ಭಟ್ಟಿಯ ಮಂಡಕ್ಕಿ ಚೀಲ ಹಿಡಿದು ಬಂದರು. "ಖಾರ, ಎಣ್ಣೆ ಏನೂ ಹಾಕಬ್ಯಾಡ್ರಿ ಅಕ್ಕಾರ, ಹಂಗೇ ಬಾಯಾಗ ಇಟ್ಕಳ್ರಿ" ಅಂದರು. ನನ್ನ ಹೊಟ್ಟೆಯಲ್ಲಿ ನಿಂತಿದ್ದು ಅದೊಂದೇ. ಸರ್ಕಾರಿ ಯೋಜನೆಯಲ್ಲಿ ಚಿಕಿತ್ಸೆ ಪಡೆಯಲು ದಾರಿ ತೋರಿಸುವ ಆರೋಗ್ಯಮಿತ್ರ ಅಂತ ಒಬ್ಬರು ಆಸ್ಪತ್ರೆಯಲ್ಲಿ ಇರುತ್ತಾರೆ ಎಂದು ತಿಳಿಸಿದವರೂ ಅವರೇ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ನೀವೂ ರೇಷನ್ ಕಾರ್ಡ್, ಆಧಾರ್ ಹಿಡಿದು ಮೊದಲೇ ವಿಚಾರಿಸಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ ಅಂತಲೂ ಕೇಳಿಕೊಳ್ಳಿ.

ನೋಯಿಸುವವರೂ ಬರುತ್ತಾರೆ, ಸುಳ್ಳು ಹೇಳಲಾರೆ. ನಮ್ಮ ನೆಂಟರೊಬ್ಬರು ಎದುರಿಗೆ ಕೂತು ತಮ್ಮ ಓಣಿಯಲ್ಲಿ ಸತ್ತವರ ಕಥೆ ಹೇಳಿದರು. ಇನ್ನೊಬ್ಬರು ಕೀಮೋ ಬಿಟ್ಟು ಸೊಪ್ಪಿನ ರಸ ಕುಡಿ ಅಂದರು. ಅಂಥವರ ಹತ್ತಿರ ಮಾತು ಬೆಳೆಸಬೇಡಿ, ಒಳಗೆ ಹೋಗಿ ಮಲಗಿ. ಔಷಧದ ಮಾತು ಡಾಕ್ಟರ ಹತ್ತಿರ ಮಾತ್ರ. ಕೀಮೋ ಆದ ಏಳರಿಂದ ಹದಿನಾಲ್ಕು ದಿನದ ನಡುವೆ ಬಿಳಿರಕ್ತಕಣ ತೀರಾ ಇಳಿದಿರುತ್ತವೆ. ಆಗ ನೆಗಡಿ ಕೆಮ್ಮು ಇದ್ದವರನ್ನು ಒಳಗೆ ಬಿಡಲೇಬೇಡಿ, ದಾಕ್ಷಿಣ್ಯ ಬೇಡ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರು ಟೀಚರುಗಳು ಆ ದಿನಗಳಲ್ಲಿ ಕಾಂಪೌಂಡಿನ ಹೊರಗೇ ನಿಂತು ಮಾತಾಡಿಸಿ, ಗೇಟಿಗೆ ತಿಂಡಿ ಡಬ್ಬಿ ನೇತುಹಾಕಿ ಹೋಗುತ್ತಿದ್ದರು.

ಎಲ್ಲರಿಗೂ ಹೇಳಬೇಕಾಗಿಲ್ಲ. ಆದರೆ ಪಕ್ಕದ ಮನೆಯವರಿಗೆ ಹೇಳಿ. "ಏನಾದ್ರೂ ಬೇಕಿದ್ರೆ ಹೇಳ್ರಿ" ಅಂದವರಿಗೆ "ಏನೂ ಬೇಡ" ಅನ್ನಬೇಡಿ, ನಾನು ಎರಡು ತಿಂಗಳು ಹಾಗೆ ಅಂದು ಸೋತಿದ್ದೇನೆ. ಬುಧವಾರ ಮಗನನ್ನು ಸ್ಕೂಲಿಂದ ಕರೆತನ್ನಿ, ಒಂದು ಕೊಡ ನೀರು ಹಿಡಿದಿಡಿ, ಹೀಗೆ ಕೆಲಸದ ಹೆಸರು ಹೇಳಿ.

ಚಿಕಿತ್ಸೆ ದಾವಣಗೆರೆಯಲ್ಲೇ ಆಗುವುದಾದರೆ ಇಲ್ಲೇ ಒಂದು ಸಾಲು ಬರೆಯಿರಿ. ಮೊದಲ ದಿನ ನಿಮ್ಮ ಜೊತೆ ಬಂದು ಕೂರುತ್ತೇನೆ. ಮಂಡಕ್ಕಿ ನಾನು ತರುತ್ತೇನೆ.