ಗಡ್ಡೆಯ ಕ್ಯಾನ್ಸರಿಗೆ ಕಾರ್-ಟಿ ಯಾಕಿಲ್ಲ?

ಪ್ರಶ್ನೆ: ನಮ್ಮ ಭಾವನವರಿಗೆ ಬಾಯಿ ಕ್ಯಾನ್ಸರ್. ಆಪರೇಷನ್, ರೇಡಿಯೇಷನ್ ಎಲ್ಲ ಆದ ಮೇಲೆ ಈಗ ಕುತ್ತಿಗೆಯಲ್ಲಿ ಮತ್ತೆ ಗಂಟು ಬಂದಿದೆ. ಪವಾಯಿಯ ಐಐಟಿ ಮತ್ತು ಟಾಟಾ ಆಸ್ಪತ್ರೆಯವರು ಸೇರಿ ಮಾಡಿದ ಕಾರ್-ಟಿ ಚಿಕಿತ್ಸೆಯನ್ನು ಇವರಿಗೂ ಕೊಡಬಹುದೇ? ರಕ್ತದ ಕ್ಯಾನ್ಸರಿಗೆ ಆಗುವುದು ಗಡ್ಡೆಗೆ ಯಾಕೆ ಆಗದು?
— ಓದುಗರು, ಡೊಂಬಿವಲಿ

ಉತ್ತರ: ಈಗ ಕೊಡಲಾಗದು. 2023ರ ಅಕ್ಟೋಬರಿನಲ್ಲಿ ನೀವು ಹೇಳುವ ಆ ಚಿಕಿತ್ಸೆಗೆ, ಅಂದರೆ ನೆಕ್ಸ್‌ಕಾರ್19ಕ್ಕೆ ಅನುಮತಿ ಸಿಕ್ಕಿದ್ದು ಬಿ ಕೋಶಗಳ (ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳ) ಲ್ಯುಕೇಮಿಯಾ, ಲಿಂಫೋಮಾಗಳಿಗೆ ಮಾತ್ರ. ರೋಗಿಯ ರಕ್ತದಿಂದ, ರೋಗದ ವಿರುದ್ಧ ಹೋರಾಡುವ ಟಿ ಕೋಶಗಳನ್ನು ಬೇರ್ಪಡಿಸಿ, ಲ್ಯಾಬಿನಲ್ಲಿ ಹೊಸ ಜೀನ್ ಸೇರಿಸಿ, ಬೆಳೆಸಿ, ಡ್ರಿಪ್ ಮೂಲಕ ವಾಪಸ್ ಕೊಡುತ್ತಾರೆ. ಅವು ಹುಡುಕುವುದು ಸಿಡಿ19 ಎಂಬ ಪ್ರೊಟೀನನ್ನು. ಅದು ಆರೋಗ್ಯವಂತ ಬಿ ಕೋಶಗಳ ಮೇಲೂ ಇರುತ್ತದೆ, ಅವೂ ಸಾಯುತ್ತವೆ. ಆದರೆ ಬಿ ಕೋಶ ಇಲ್ಲದೆಯೂ ಮನುಷ್ಯ ಬದುಕಬಲ್ಲ. ಬೇಕಾದರೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯ) ಕೊಟ್ಟು ಆ ಕೊರತೆ ತುಂಬಬಹುದು.

ಗಡ್ಡೆಗೆ ಅಂಥ ಗುರುತು ಸಿಗುವುದೇ ಕಷ್ಟ. ಅದರ ಮೇಲಿರುವ ಪ್ರೊಟೀನುಗಳು ಶ್ವಾಸಕೋಶದಲ್ಲೋ ಚರ್ಮದಲ್ಲೋ ಸ್ವಲ್ಪವಾದರೂ ಇದ್ದೇ ಇರುತ್ತವೆ. 2010ರಲ್ಲಿ ವರದಿಯಾದ ಅಮೆರಿಕದ ಒಂದು ಪ್ರಯೋಗದಲ್ಲಿ ಹರ್‌2 ಎಂಬ ಪ್ರೊಟೀನನ್ನು ಗುರುತಾಗಿ ಹಿಡಿದ ಕಾರ್-ಟಿ ಪಡೆದ ರೋಗಿಗೆ ಹದಿನೈದೇ ನಿಮಿಷದಲ್ಲಿ ಉಸಿರಾಟದ ತೊಂದರೆ ಶುರುವಾಗಿ, ಐದು ದಿನಕ್ಕೆ ತೀರಿಕೊಂಡರು. ಶ್ವಾಸಕೋಶದಲ್ಲಿ ಹರ್‌2 ಇದ್ದದ್ದು ಅತ್ಯಲ್ಪ, ಆದರೆ ಅಷ್ಟೇ ಸಾಕಾಗಿತ್ತು.

ಗುರುತು ಸಿಕ್ಕರೂ ಟಿ ಕೋಶ ಒಳಗೆ ನುಗ್ಗಬೇಕು. ಗಡ್ಡೆಯ ಸುತ್ತ ದಪ್ಪ ನಾರಿನ ಅಂಗಾಂಶ, ಒಳಗೆ ಕಡಿಮೆ ಆಮ್ಲಜನಕ. ಅದನ್ನೂ ದಾಟಿ ಹೋದ ಟಿ ಕೋಶದ ಪಿಡಿ-1 ಎಂಬ ಬ್ರೇಕನ್ನು ಗಡ್ಡೆ ಒತ್ತಿ ಹಿಡಿಯುತ್ತದೆ. ಕೋಶದೊಳಗಿನ ಪ್ರೊಟೀನಿನ ತುಣುಕನ್ನು ಗುರುತಿಸುವಂತೆ ಟಿ ಕೋಶಗಳನ್ನು ತಿದ್ದುವ ಇನ್ನೊಂದು ದಾರಿಯಿದೆ. ಇಂಥ ಚಿಕಿತ್ಸೆಗೆ 2024ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆದರೆ ಅದು ಸೈನೋವಿಯಲ್ ಸಾರ್ಕೋಮಾ ಎಂಬ ವಿರಳ ರೋಗಕ್ಕೆ, ಅದೂ ನಿರ್ದಿಷ್ಟ ಎಚ್‌ಎಲ್‌ಎ (ಆ ತುಣುಕನ್ನು ಕೋಶದ ಹೊರಮೈಗೆ ತಂದು ತೋರಿಸುವ ಪ್ರೊಟೀನು) ಇದ್ದವರಿಗೆ ಮಾತ್ರ.

ನಿಮ್ಮ ಭಾವನವರ ಮಟ್ಟಿಗೆ ಕೇಳಬೇಕಾದ್ದು ಆ ಬ್ರೇಕ್ ಬಿಡಿಸುವ ಔಷಧದ ಬಗ್ಗೆ. ನಿವೊಲುಮ್ಯಾಬ್ ಎಂಬ ಅಂಥ ಇಂಜೆಕ್ಷನ್‌ನ ಪೂರ್ತಿ ಡೋಸ್ ಎಂದರೆ ಎರಡು ವಾರಕ್ಕೊಮ್ಮೆ 240 ಮಿ.ಗ್ರಾಂ, ಖರ್ಚು ನಮ್ಮವರಲ್ಲಿ ಹೆಚ್ಚಿನವರ ಕೈಗೆಟುಕದು. ಟಾಟಾ ಆಸ್ಪತ್ರೆಯವರು ಮೂರು ವಾರಕ್ಕೊಮ್ಮೆ ಬರೀ 20 ಮಿ.ಗ್ರಾಂ ಕೊಟ್ಟು ನೋಡಿದರು. ಜೊತೆಗೆ ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್ ಮಾತ್ರೆಗಳು. ಮಾತ್ರೆಗಳಷ್ಟೇ ಪಡೆದವರಲ್ಲಿ ಒಂದು ವರ್ಷ ಬದುಕುಳಿದವರು ಶೇ. 16.3, ಇಂಜೆಕ್ಷನ್ ಕೂಡ ಪಡೆದವರಲ್ಲಿ ಶೇ. 43.4. ಇದು 2022ರಲ್ಲಿ ಪ್ರಕಟವಾದ ಫಲಿತಾಂಶ. ಗುಣವಾಗುತ್ತದೆಂಬ ಭರವಸೆ ಇದಲ್ಲ, ಆದರೂ ಸಿಗುವ ಸಮಯ ಸಣ್ಣದಲ್ಲ. ಡಾಕ್ಟರ ಹತ್ತಿರ ಹೋಗುವಾಗ ಬಯಾಪ್ಸಿಯ ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಕಾಪಿಟ್ಟ ಗಡ್ಡೆಯ ತುಣುಕು) ಒಯ್ಯಿರಿ, ಬರೀ ರಿಪೋರ್ಟ್ ಸಾಲದು. ಪಿಡಿ-1 ಬ್ರೇಕನ್ನು ಒತ್ತುವ ಪಿಡಿ-ಎಲ್1 ಪ್ರೊಟೀನಿನ ಪರೀಕ್ಷೆಗೆ ಅದೇ ಬೇಕು. ಸಂಧಿವಾತ, ಸೋರಿಯಾಸಿಸ್, ಅಂಗಕಸಿ ಏನಿದ್ದರೂ ಮೊದಲೇ ಹೇಳಿ. ಕಾರ್-ಟಿ ಬರಲಿ ಎಂದು ಮಾತ್ರ ಕಾಯುತ್ತ ಕೂರಬೇಡಿ.

ಪ್ರಶ್ನೆ: ನಿವೊಲುಮ್ಯಾಬ್ ನಿಲ್ಲಿಸಿ ಎರಡು ತಿಂಗಳಾಯಿತು. ಅಮ್ಮನಿಗೆ ಈಗ ದಿನಕ್ಕೆ ಐದಾರು ಸಲ ಭೇದಿ. ಅದಕ್ಕೂ ಇದಕ್ಕೂ ಸಂಬಂಧವೇ?
— ಓದುಗರು, ಚಿಂಚವಡ, ಪುಣೆ

ಉತ್ತರ: ಇರಬಹುದು. ಬ್ರೇಕ್ ಬಿಟ್ಟ ಟಿ ಕೋಶಗಳು ಕರುಳಿನ ಮೇಲೂ ತಿರುಗಿ ಬೀಳುತ್ತವೆ. ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಹೀಗಾಗುತ್ತದೆ. ಮೆಡಿಕಲ್‌ನಿಂದ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ತಂದು ಕೊಟ್ಟು ದಿನ ತಳ್ಳಬೇಡಿ. ಉರಿಯೂತ ಒಳಗೇ ಬೆಳೆದು ಕರುಳು ತೂತಾಗುವ ಅಪಾಯವಿದೆ. ಇವತ್ತೇ ಅವರ ಆಂಕಾಲಜಿಸ್ಟ್‌ಗೆ ತಿಳಿಸಿ. ಮಲ ಪರೀಕ್ಷೆಯಲ್ಲಿ ಸೋಂಕಿಲ್ಲ ಎಂದಾದರೆ ಸಾಮಾನ್ಯವಾಗಿ ಕಿಲೋ ತೂಕಕ್ಕೆ 1 ಮಿ.ಗ್ರಾಂ ಲೆಕ್ಕದಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಶುರುಮಾಡಿ, ನಾಲ್ಕಾರು ವಾರಗಳಲ್ಲಿ ನಿಧಾನವಾಗಿ ಇಳಿಸುತ್ತಾರೆ. ಭೇದಿ ನಿಂತಿತೆಂದು ನೀವೇ ಮಾತ್ರೆ ಬಿಟ್ಟರೆ ಅದು ಮರುಕಳಿಸುತ್ತದೆ. ರಕ್ತ ಬಿದ್ದರೆ, ಹೊಟ್ಟೆ ಬಿಗಿದು ನೋವಾದರೆ ರಾತ್ರಿಯಾದರೂ ಕ್ಯಾಶುವಾಲಿಟಿಗೆ ಕರೆದೊಯ್ದು, ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಆಗಿತ್ತು ಎಂದು ಮೊದಲೇ ಹೇಳಿ. ಕೀಮೊ ಎಂದಷ್ಟೇ ಹೇಳಿದರೆ ಅಲ್ಲಿನ ಡ್ಯೂಟಿ ಡಾಕ್ಟರ್ ಬೇರೆ ಕಾರಣ ಹುಡುಕುತ್ತ ಹೋಗಬಹುದು.