ಗೇಲಿಕ್ ಫುಟ್‌ಬಾಲ್ ತಂಡದಲ್ಲಿ ಪರ್ಫಾರ್ಮೆನ್ಸ್ ಕೋಚ್, ಫಿಸಿಯೋ ಏನು ಮಾಡುತ್ತಾರೆ?

ಐರ್ಲೆಂಡಿನ ಈ ಆಟದಲ್ಲಿ ಕೌಂಟಿ (ಜಿಲ್ಲೆಯಂಥ ಪ್ರದೇಶ) ತಂಡದವರಿಗೂ ಸಂಬಳವಿಲ್ಲ. ಹಗಲೆಲ್ಲ ಶಾಲೆಯಲ್ಲಿ ಪಾಠ ಮಾಡಿಯೋ ಹೊಲದಲ್ಲಿ ದುಡಿದೋ ಸಂಜೆ ಅಭ್ಯಾಸಕ್ಕೆ ಬರುತ್ತಾರೆ. ಹಾಗಾಗಿ ಆಟಗಾರರ ಮೈ ಸಜ್ಜುಗೊಳಿಸುವ ಪರ್ಫಾರ್ಮೆನ್ಸ್ ಕೋಚ್ ಮೊದಲು ನೋಡುವುದು ದಣಿವನ್ನು: ನಿದ್ದೆ ಆಯಿತಾ, ಕ್ಲಬ್ಬಿಗೂ ಆಡಿ ಬಂದನಾ, ಮೈಗೆ ಕಟ್ಟಿದ ಜಿಪಿಎಸ್ ಸಾಧನದ ಪ್ರಕಾರ ಎಷ್ಟು ಓಡಿದ್ದಾನೆ. ಅಂದಿನ ಓಟ, ಜಿಮ್ ಎಲ್ಲ ಅದರ ಮೇಲೆಯೇ.

ಗಾಯ ನೋಡಿಕೊಳ್ಳುವ ಫಿಸಿಯೋಗೆ ಹೆಚ್ಚು ಕೆಲಸ ಕೊಡುವುದು ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು. ನೋವು ಹೋದ ಮಾತ್ರಕ್ಕೆ ಆಡಲು ಬಿಡುವಂತಿಲ್ಲ. ಎರಡೂ ಕಾಲಿನ ಬಲ ಹೋಲಿಸಿ, ಪೂರ್ಣ ವೇಗದಲ್ಲಿ ಓಡಿಸಿ, ಚೆಂಡು ಒದೆಸಿ ನೋಡಬೇಕು. ಮತ್ತೆ ಹರಿಯದಂತೆ ನಾರ್ಡಿಕ್ ವ್ಯಾಯಾಮ: ಮಂಡಿಯೂರಿದವನ ಕಾಲ್ಗಿಣ್ಣನ್ನು ಜೊತೆಗಾರ ಒತ್ತಿ ಹಿಡಿಯುತ್ತಾನೆ, ಇವನು ಬೆನ್ನು ಬಗ್ಗಿಸದೆ ನಿಧಾನವಾಗಿ ಮುಂದಕ್ಕೆ ವಾಲಬೇಕು. ಆಟಗಾರರು ಬೈದುಕೊಂಡೇ ಮಾಡುತ್ತಾರೆ, ಆದರೂ ಮಸಾಜಿಗಿಂತ ಇದೇ ಮೇಲು ಅಂತ ನನ್ನ ಅನಿಸಿಕೆ.